ಗೊತ್ತಿಲ್ಲದ ಊರಲ್ಲಿ ಊಟ: ಮ್ಯಾಪ್ ನೋಡೋದಾ, ಜನರನ್ನ ಕೇಳೋದಾ, ನಡೆದು ಹುಡುಕೋದಾ?

ಪ್ರವಾಸಕ್ಕೆ ಹೊರಡುವಾಗ ಟಿಕೆಟ್ಟು, ರೂಮು ಎರಡನ್ನೂ ವಾರಗಟ್ಟಲೆ ಹೋಲಿಸಿ ನೋಡುತ್ತೇವೆ. ಊಟದ ಮಾತು ಬಂದರೆ ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟುಬಿಡುತ್ತೇವೆ. ಹತ್ತು ದಿನದ ಪ್ರವಾಸ ಅಂದರೆ 30 ಹೊತ್ತಿನ ಊಟ ತಿಂಡಿ. ಮನೆಮಂದಿ ನಾಲ್ಕು ಜನ ಇದ್ದರೆ 120 ತಟ್ಟೆ. ತಟ್ಟೆ ತಟ್ಟೆಗೂ ಸ್ವಲ್ಪ ಜಾಸ್ತಿ ಕೊಡುತ್ತಾ ಹೋದರೆ ಟಿಕೆಟ್‌ನಲ್ಲಿ ಉಳಿಸಿದ್ದೆಲ್ಲ ಇಲ್ಲಿ ಕರಗುತ್ತದೆ. ದುಡ್ಡಿಗಿಂತ ಬೇಸರದ ವಿಷಯ ಇನ್ನೊಂದಿದೆ. ಜಾಸ್ತಿ ಕೊಟ್ಟು ತಿಂದ ಊಟವೇ ಎಷ್ಟೋ ಸಲ ಸಪ್ಪೆಯಾಗಿರುತ್ತದೆ.

ಇದಕ್ಕೆ ಕಾರಣ ಹುಡುಕಿದರೆ ನನಗೆ ಕಾಣುವುದು ಒಂದೇ. ಕೆಲವು ಹೋಟೆಲ್‌ಗಳು ಇವತ್ತು ಉಂಡವರು ನಾಳೆಯೂ ಬಂದರೆ ಮಾತ್ರ ನಡೆಯುತ್ತವೆ. ಕೆಲವು, ಇವತ್ತು ಉಂಡವರು ಮತ್ತೆ ಈ ಕಡೆ ತಲೆ ಹಾಕದಿದ್ದರೂ ನಡೆಯುತ್ತವೆ, ಯಾಕಂದರೆ ನಾಳೆ ಬೆಳಿಗ್ಗೆ ಇನ್ನೊಂದು ಬಸ್ಸು ತುಂಬ ಹೊಸಬರು ಬಂದು ಇಳಿಯುತ್ತಾರೆ. ಮೊದಲನೆಯವರು ರುಚಿ, ಬೆಲೆ, ಚೊಕ್ಕಟ ಯಾವುದರಲ್ಲಿ ಎಡವಿದರೂ ವಾರದಲ್ಲಿ ಗಿರಾಕಿ ಕಡಿಮೆಯಾಗುತ್ತದೆ. ಎರಡನೆಯವರಿಗೆ ಬೇಕಾಗಿರುವುದು ಒಳ್ಳೆಯ ಜಾಗ, ದೊಡ್ಡ ಬೋರ್ಡು, ಬಾಗಿಲಲ್ಲಿ ಕೈ ಹಿಡಿದು ಕರೆಯುವ ಒಬ್ಬ ಹುಡುಗ. ನಾವು ಹುಡುಕಬೇಕಾದ್ದು ಮೊದಲನೆಯದನ್ನು. ಮ್ಯಾಪ್, ಜನ, ಕಾಲು, ಗೈಡು, ಇವುಗಳಲ್ಲಿ ಯಾವುದು ನಮ್ಮನ್ನು ಬೇಗ ಅಲ್ಲಿಗೆ ಮುಟ್ಟಿಸುತ್ತದೆ ಅನ್ನುವುದನ್ನೇ ಇಲ್ಲಿ ಹೋಲಿಸಿದ್ದೇನೆ.

ಮೊಬೈಲ್ ಮ್ಯಾಪ್ ಮತ್ತು ರೇಟಿಂಗ್

ಎಲ್ಲರೂ ಮೊದಲು ಮಾಡುವುದು ಇದೇ. ಮ್ಯಾಪ್ ತೆರೆದು, ಹತ್ತಿರದ ಹೋಟೆಲ್ ಅಂತ ಹುಡುಕಿ, ನಕ್ಷತ್ರ ಜಾಸ್ತಿ ಇರುವ ಕಡೆ ನಡೆಯುವುದು. ಇದರಲ್ಲಿ ಲಾಭ ಇಲ್ಲ ಅಂತ ನಾನು ಹೇಳುವುದಿಲ್ಲ. ಬಾಗಿಲು ತೆರೆದಿದೆಯಾ, ಎಷ್ಟು ದೂರ, ಮೆನು ಕಾರ್ಡಿನ ಫೋಟೋ ಇದೆಯಾ, ಇದನ್ನೆಲ್ಲ ಕೂತಲ್ಲೇ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ನಕ್ಷತ್ರವನ್ನೇ ನಂಬಿ ಹೊರಟರೆ ಮೋಸ ಹೋಗುತ್ತೀರಿ.

2017ರಲ್ಲಿ ಲಂಡನ್‌ನಲ್ಲಿ ನಡೆದ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಊಬಾ ಬಟ್ಲರ್ ಅನ್ನುವ ಪತ್ರಕರ್ತ ತಾನಿದ್ದ ಮನೆಯ ಹಿತ್ತಲಿನ ಶೆಡ್ಡನ್ನು ರೆಸ್ಟೋರೆಂಟ್ ಅಂತ, ಪ್ರವಾಸಿಗರು ವಿಮರ್ಶೆ ಬರೆಯುವ ಟ್ರಿಪ್‌ಅಡ್ವೈಸರ್ ವೆಬ್‌ಸೈಟಿನಲ್ಲಿ ಸೇರಿಸಿದ. ಅಲ್ಲಿ ಅಡುಗೆಯೂ ಇರಲಿಲ್ಲ, ಮೇಜೂ ಇರಲಿಲ್ಲ. ಗೆಳೆಯರಿಂದ ಸುಳ್ಳು ವಿಮರ್ಶೆ ಬರೆಸಿದ. ಕೆಲವೇ ತಿಂಗಳಲ್ಲಿ ಆ ಶೆಡ್ಡು ಇಡೀ ಲಂಡನ್‌ಗೇ ಮೊದಲನೇ ಸ್ಥಾನಕ್ಕೆ ಏರಿತು. ಇಲ್ಲದ ಹೋಟೆಲ್ಲೇ ಮೊದಲ ಸ್ಥಾನಕ್ಕೆ ಬರಬಹುದು ಅಂದಮೇಲೆ, ಇರುವ ಹೋಟೆಲ್ಲು ಅರ್ಧ ನಕ್ಷತ್ರ ಜಾಸ್ತಿ ಮಾಡಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಹಾಗೆ ಮಾಡಿಕೊಳ್ಳುವ ಆಸೆಗೂ ಕಾರಣ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿದ್ದಾಗ ಮೈಕಲ್ ಲೂಕಾ ಅನ್ನುವ ಸಂಶೋಧಕರು ಅಮೆರಿಕದ ಸಿಯಾಟಲ್ ನಗರದ ಹೋಟೆಲ್‌ಗಳ ಲೆಕ್ಕ ತೆಗೆದು ನೋಡಿದಾಗ, ಯೆಲ್ಪ್ ಅನ್ನುವ ವಿಮರ್ಶೆ ವೆಬ್‌ಸೈಟಿನಲ್ಲಿ ಒಂದು ನಕ್ಷತ್ರ ಜಾಸ್ತಿಯಾದರೆ ವರಮಾನ ಶೇಕಡ 5ರಿಂದ 9ರಷ್ಟು ಏರುತ್ತದೆ ಅಂತ ಕಂಡುಬಂತು. ನಕ್ಷತ್ರ ಅಂದರೆ ದುಡ್ಡು. ದುಡ್ಡಿರುವ ಕಡೆ ಆಟವೂ ಇರುತ್ತದೆ.

ಹಾಗಾದರೆ ಮ್ಯಾಪನ್ನು ಹೇಗೆ ನೋಡಬೇಕು? ನಾನು ಮೊದಲು ನೋಡುವುದು ಎಷ್ಟು ಜನ ಬರೆದಿದ್ದಾರೆ ಅನ್ನುವುದನ್ನು. 30 ಜನ ಕೊಟ್ಟ 4.8ಕ್ಕಿಂತ 3,000 ಜನ ಕೊಟ್ಟ 4.2 ನನಗೆ ಜಾಸ್ತಿ ನಂಬಿಕೆ ಕೊಡುತ್ತದೆ. 30 ಜನರಲ್ಲಿ ಮಾಲೀಕರ ನೆಂಟರಿಷ್ಟರೇ ಹದಿನೈದು ಜನ ಇರಬಹುದು, 3,000ಕ್ಕೆ ಅಷ್ಟು ನೆಂಟರು ಯಾರಿಗೂ ಇರುವುದಿಲ್ಲ. ಆಮೇಲೆ ಐದು ನಕ್ಷತ್ರದವರನ್ನೂ ಒಂದು ನಕ್ಷತ್ರದವರನ್ನೂ ಬಿಟ್ಟು ಮೂರು ನಕ್ಷತ್ರ ಕೊಟ್ಟವರ ಮಾತು ಓದುತ್ತೇನೆ. ಮೂರು ಕೊಟ್ಟವರಿಗೆ ಸಿಟ್ಟೂ ಇಲ್ಲ, ಪ್ರೀತಿಯೂ ಉಕ್ಕಿಲ್ಲ. "ಊಟ ಚೆನ್ನಾಗಿತ್ತು, ಆದರೆ ನೀರಿಗೂ ದುಡ್ಡು ಹಾಕಿದರು" ಅಂತ ಬರೆಯುವವರು ಅವರೇ. ಹೊಸ ವಿಮರ್ಶೆ ಮೊದಲು ಬರುವ ಹಾಗೆ ಇಟ್ಟುಕೊಳ್ಳಿ. ಅಡುಗೆಯವರು ಬದಲಾದರೆ ಎರಡು ವರ್ಷದ ಹಿಂದಿನ ಹೊಗಳಿಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು ಉಪಾಯ ಇದೆ, ಬಹಳ ಜನ ಬಳಸುವುದಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಯಾವ ಗಂಟೆಗೆ ಎಷ್ಟು ಜನಸಂದಣಿ ಅಂತ ಪಟ್ಟಿಪಟ್ಟಿಯಾಗಿ ತೋರಿಸುತ್ತದೆ, ಅಲ್ವಾ? ಅದರಲ್ಲಿ ವಾರದ ನಡುವಿನ ದಿನ ನೋಡಿ. ರಜೆ ದಿನ ಮಾತ್ರ ಪಟ್ಟಿ ಎತ್ತರಕ್ಕೆ ಹೋಗಿ ಬೇರೆ ದಿನ ನೆಲ ಕಚ್ಚಿದ್ದರೆ ಅದು ತಿರುಗಾಡಲು ಬಂದವರ ಹೋಟೆಲ್. ಕೆಲಸದ ದಿನ ಮಧ್ಯಾಹ್ನ ತುಂಬಿರುತ್ತದೆ ಅಂದರೆ ಸುತ್ತಮುತ್ತ ದುಡಿಯುವವರು ದಿನಾ ಅಲ್ಲಿಗೆ ಬರುತ್ತಿದ್ದಾರೆ ಅಂತ ಅರ್ಥ. ವಿಮರ್ಶೆಗಳು ಯಾವ ಭಾಷೆಯಲ್ಲಿವೆ ಅಂತಲೂ ನೋಡಿ. ಎಲ್ಲವೂ ಇಂಗ್ಲಿಷಿನಲ್ಲೇ ಇದ್ದು, ಆ ಊರಿನ ಭಾಷೆಯಲ್ಲಿ ಒಂದೂ ಇಲ್ಲ ಅಂದರೆ ಊರಿನವರು ಅಲ್ಲಿಗೆ ಹೋಗುತ್ತಿಲ್ಲ. ಹುಡುಕುವಾಗಲೂ ಅಷ್ಟೆ. "ಊಟ" ಅನ್ನುವ ಮಾತನ್ನು ಆ ಊರಿನ ಭಾಷೆಗೆ, ಅವರ ಲಿಪಿಗೆ ಬದಲಾಯಿಸಿ ಹುಡುಕಿ. ಬರುವ ಪಟ್ಟಿಯೇ ಬೇರೆ ಆಗುತ್ತದೆ.

ಜನರನ್ನು ಕೇಳುವುದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಆದರೆ ಯಾರನ್ನು ಕೇಳುತ್ತೀರಿ, ಏನಂತ ಕೇಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

"ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎದುರಿನವರು ನಿಮ್ಮ ಬಟ್ಟೆ, ಬ್ಯಾಗು, ಶೂ ನೋಡಿ, ಇವರಿಗೆ ದೊಡ್ಡ ಜಾಗವೇ ಬೇಕೇನೋ ಅಂದುಕೊಂಡು ಎಲ್ಲರಿಗೂ ಗೊತ್ತಿರುವ ಒಂದು ಹೆಸರು ಹೇಳುತ್ತಾರೆ. ಅವರೇ ಅಲ್ಲಿ ಒಂದು ದಿನವೂ ಉಂಡಿರುವುದಿಲ್ಲ. ಅದರ ಬದಲು "ನೀವು ಇವತ್ತು ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ?" ಅಂತ ಕೇಳಿ.

ಒಮ್ಮೆ ಚಪ್ಪಲಿ ಕಿತ್ತುಹೋಗಿ ಒಂದು ಓಣಿಯಲ್ಲಿ ಹೊಲಿಸಲು ನಿಂತಿದ್ದೆ. ಹೊಲಿಯುತ್ತಿದ್ದ ಹಿರಿಯರಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ನನಗೆ ಅವರದು ಬರುತ್ತಿರಲಿಲ್ಲ. ಕೈ ಬಾಯಿಗೆ ತಂದು ತೋರಿಸಿ, ಅವರ ಕಡೆಗೆ ಬೆರಳು ಮಾಡಿ, "ನೀವು?" ಅನ್ನುವ ಹಾಗೆ ಕೇಳಿದೆ. ಅವರು ನಕ್ಕರು. ಸೂಜಿಯನ್ನು ತೊಡೆಯ ಮೇಲಿನ ಚರ್ಮದ ತುಂಡಿಗೆ ಚುಚ್ಚಿಟ್ಟು, ಶೂ ಡಬ್ಬಿಯ ರಟ್ಟು ಹರಿದು, ಅದರ ಮೇಲೆ ಎರಡು ಗೆರೆ ಎಳೆದು ಒಂದು ಮರ ಬರೆದರು. ಮರದ ಪಕ್ಕ ಒಂದು ಚೌಕ. ನಾನು ಹೋಗಿ ನೋಡಿದರೆ ನಿಜವಾಗಿಯೂ ಮರ ಇತ್ತು, ಪಕ್ಕದಲ್ಲಿ ಬೋರ್ಡೇ ಇಲ್ಲದ ಒಂದು ಬಾಗಿಲು ಇತ್ತು. ಒಳಗೆ ಆರು ಮೇಜು, ಆರೂ ತುಂಬಿದ್ದವು. ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಹಬೆ ಎದ್ದು ಬಡಿಸುವವರ ಕನ್ನಡಕ ಮಂಜಾಗುತ್ತಿತ್ತು, ಅವರು ಅದನ್ನು ಹಣೆಗೆ ಏರಿಸಿಕೊಂಡೇ ಬಡಿಸುತ್ತಿದ್ದರು. ಆ ಪ್ರವಾಸದ ಎಲ್ಲಕ್ಕಿಂತ ಕಡಿಮೆ ಬಿಲ್ಲು ಅದು, ಎಲ್ಲಕ್ಕಿಂತ ಒಳ್ಳೆಯ ಊಟವೂ ಅದೇ. ರಟ್ಟಿನ ತುಂಡು ಇವತ್ತಿಗೂ ನನ್ನ ಹತ್ತಿರ ಇದೆ.

ಯಾರನ್ನು ಕೇಳಬೇಕು? ಆ ಬೀದಿಯಲ್ಲೇ ದಿನವಿಡೀ ನಿಂತು ದುಡಿಯುವವರನ್ನು. ಅಂಗಡಿಯವರು, ಔಷಧಿ ಅಂಗಡಿಯವರು, ಸಾಮಾನು ಇಳಿಸುವವರು, ಕಾಲೇಜು ಹುಡುಗರು. ಇವರ ಜೇಬೂ ದೊಡ್ಡದಲ್ಲ, ದಿನಾ ಹೊರಗೇ ಉಣ್ಣುವುದರಿಂದ ಹೊಟ್ಟೆ ಕೆಡಿಸುವ ಜಾಗ ಯಾವುದು ಅಂತಲೂ ಇವರಿಗೆ ಗೊತ್ತು. ಟ್ಯಾಕ್ಸಿ ಡ್ರೈವರ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕೆಲವು ಹೋಟೆಲ್‌ನವರು ಗಿರಾಕಿ ತಂದವರಿಗೆ ಕಮಿಷನ್ ಕೊಡುತ್ತಾರೆ, ಅದಕ್ಕೇ "ನನ್ನನ್ನು ಒಳ್ಳೆ ಕಡೆ ಕರೆದುಕೊಂಡು ಹೋಗಿ" ಅನ್ನುವುದಕ್ಕಿಂತ "ನೀವು ಊಟಕ್ಕೆ ನಿಲ್ಲಿಸುವ ಕಡೆ ನಾನೂ ಬರುತ್ತೇನೆ" ಅನ್ನುವುದು ವಾಸಿ. ರೂಮಿನ ರಿಸೆಪ್ಷನ್‌ನಲ್ಲಿ ಕೇಳುವುದಾದರೂ ಇದೇ ರೀತಿ. ಮೇಜಿನ ಮೇಲೆ ಜೋಡಿಸಿಟ್ಟ ಕಾರ್ಡು ಬೇಡ, ಅವರ ಡ್ಯೂಟಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿ.

ಇದರಲ್ಲಿರುವ ಕೊರತೆ ಎಂದರೆ ಸಮಯ. ಹತ್ತು ನಿಮಿಷ ಮಾತಾಡುವ ಪುರುಸೊತ್ತು ಬೇಕು, ಸಂಕೋಚ ಬಿಡಬೇಕು. ರಾತ್ರಿ ಹನ್ನೊಂದಕ್ಕೆ ಊರು ಮಲಗಿದ್ದರೆ ಕೇಳುವುದಕ್ಕೂ ಯಾರೂ ಇರುವುದಿಲ್ಲ.

ಸುಮ್ನೆ ನಡೆದು ಹುಡುಕುವುದು

ಕೋಟೆ, ಅರಮನೆ, ಸಮುದ್ರತೀರ, ಏನೇ ಇರಲಿ, ಅದರ ಎದುರಿಗೇ ಇರುವ ಹೋಟೆಲ್‌ನವರು ಬಾಡಿಗೆಯೇ ಜಾಸ್ತಿ ಕಟ್ಟುತ್ತಿರುತ್ತಾರೆ. ಆ ಬಾಡಿಗೆ ನಿಮ್ಮ ತಟ್ಟೆಯಿಂದಲೇ ಹೋಗಬೇಕು. ಎರಡು ಮೂರು ಬೀದಿ ಒಳಗೆ ನಡೆದರೆ ಬಾಡಿಗೆಯೂ ಇಳಿಯುತ್ತದೆ, ಗಿರಾಕಿಯೂ ಬದಲಾಗುತ್ತಾರೆ. ಆಸ್ಪತ್ರೆ, ಕೋರ್ಟು, ಕಾಲೇಜು, ಸಗಟು ಮಾರುಕಟ್ಟೆ, ಇವುಗಳ ಹಿಂದಿನ ಬೀದಿಗಳಿಗೆ ಹೋಗಿ. ಅಲ್ಲಿ ದಿನಾ ಉಣ್ಣುವವರು ಇರುತ್ತಾರೆ.

ನಿಂತು ಏನು ನೋಡಬೇಕು? ಮೆನು ಚಿಕ್ಕದಾಗಿದ್ದರೆ ಒಳ್ಳೆಯ ಸೂಚನೆ. ಎಂಟು ಹತ್ತು ಐಟಂ ಇದ್ದರೆ ತಂದ ಸಾಮಾನು ಅವತ್ತೇ ಖರ್ಚಾಗುತ್ತದೆ. ನಾಲ್ಕು ದೇಶದ ಅಡುಗೆ, 150 ಐಟಂ, ಪ್ರತಿಯೊಂದಕ್ಕೂ ಬಣ್ಣದ ಫೋಟೋ ಅಂದರೆ, ಅದರಲ್ಲಿ ಎಷ್ಟೋ ಫ್ರಿಜ್ಜಿನಲ್ಲಿ ದಿನಗಟ್ಟಲೆ ಕಾಯುತ್ತಿರುತ್ತವೆ. ಬೆಲೆ ಬರೆಯದ ಮೆನು ಕಂಡರೆ ಕೂರಲೇಬೇಡಿ. ಬಾಗಿಲಲ್ಲಿ ನಿಂತು ಕರೆಯುವವರಿದ್ದರೆ ನಾನು ಮುಂದಕ್ಕೆ ನಡೆಯುತ್ತೇನೆ. ಊಟ ಹಿಡಿಸಿದ ಗಿರಾಕಿ ಕರೆಯದೆಯೇ ಬರುತ್ತಾರೆ.

ಸಾಲು ಇದೆ ಅಂತ ಮಾತ್ರಕ್ಕೆ ನಿಲ್ಲಬೇಡಿ, ಸಾಲಿನಲ್ಲಿ ಯಾರಿದ್ದಾರೆ ನೋಡಿ. ಎಲ್ಲರ ಕೈಯಲ್ಲೂ ಫೋನು ಕ್ಯಾಮೆರಾ ಇದ್ದರೆ ಯಾರೋ ವಿಡಿಯೋ ಹಾಕಿರಬೇಕು ಅಂತ ಲೆಕ್ಕ. ಯೂನಿಫಾರಂ ಹಾಕಿದವರು, ಮಕ್ಕಳನ್ನು ಸ್ಕೂಲಿನಿಂದ ಕರೆತಂದ ಅಮ್ಮಂದಿರು, ಮನೆಯಿಂದಲೇ ಡಬ್ಬಿ ತಂದು ಪಾರ್ಸೆಲ್ ಒಯ್ಯುವವರು ನಿಂತಿದ್ದರೆ ಆ ಸಾಲಿಗೆ ಸೇರಿಕೊಳ್ಳಿ. ಮನೆಯಿಂದ ಡಬ್ಬಿ ತರುವವರನ್ನು ಕಂಡರೆ ನನಗಂತೂ ಎರಡನೇ ಯೋಚನೆಯೇ ಇಲ್ಲ.

ನಡೆದು ಹುಡುಕುವುದು ಹೊಟ್ಟೆ ಹಸಿಯುವ ಮುಂಚೆ ಮಾಡುವ ಕೆಲಸ. ಊಟದ ಹೊತ್ತಿಗೆ ಒಂದು ಗಂಟೆ ಮೊದಲೇ ಆ ದಾರಿಯಲ್ಲಿ ಓಡಾಡಿ ಒಂದೆರಡು ಜಾಗ ಗುರುತಿಟ್ಟುಕೊಳ್ಳಿ. ಒಂದು ರಾತ್ರಿ ಮಳೆಯಲ್ಲಿ, ಮಗು ಅಳುತ್ತಿರುವಾಗ, ನಿಲ್ದಾಣದ ಎದುರಿಗೆ ಕಂಡ ಮೊದಲ ಬಾಗಿಲಿಗೆ ನುಗ್ಗಿದ್ದೆವು. ಕೇಳದೇ ತಂದಿಟ್ಟ ಒಂದು ತಟ್ಟೆ, ಕೂತಿದ್ದಕ್ಕೆ ತಲೆಗಿಷ್ಟು, ಅದರ ಮೇಲೆ ಸರ್ವಿಸ್ ಚಾರ್ಜು. ಊಟದಷ್ಟೇ ದುಡ್ಡು ಊಟವಲ್ಲದ್ದಕ್ಕೆ ಹೋಯಿತು. ಅವತ್ತಿನಿಂದ ಮೇಜಿಗೆ ಬಂದ ಯಾವುದನ್ನೂ ಮುಟ್ಟುವ ಮುಂಚೆ "ಇದಕ್ಕೆ ದುಡ್ಡಿದೆಯಾ?" ಅಂತ ಕೇಳುತ್ತೇನೆ. ಕೂರುವ ಮುಂಚೆಯೇ ಮೆನುವಿನ ಕೊನೆಯ ಪುಟದ ಕೆಳಗಿನ ಸಣ್ಣ ಅಕ್ಷರ ಓದುತ್ತೇನೆ, ತೆರಿಗೆ, ಸರ್ವಿಸ್ ಎಲ್ಲ ಅಲ್ಲೇ ಅಡಗಿರುತ್ತದೆ.

ಗೈಡು ಪುಸ್ತಕ

ಮಿಶೆಲಿನ್ ಅಂದರೆ ಶ್ರೀಮಂತರ ಹೋಟೆಲ್ ಅಂತ ನಾವು ಅಂದುಕೊಂಡಿದ್ದೇವೆ. 1900ರಲ್ಲಿ ಫ್ರಾನ್ಸಿನ ಟೈರ್ ಕಂಪನಿಯೊಂದು ಕಾರು ಓಡಿಸುವವರಿಗಾಗಿ ಶುರು ಮಾಡಿದ ಕೈಪಿಡಿ ಅದು, ನಕ್ಷತ್ರ ಕೊಡಲು ಶುರು ಮಾಡಿದ್ದು 1926ರಲ್ಲಿ. ಆ ನಕ್ಷತ್ರದ ಜಾಗಗಳು ಬಹುಪಾಲು ನಮ್ಮ ಜೇಬಿಗೆ ಆಗುವಂಥವಲ್ಲ, ನಿಜ. ಆದರೆ 1997ರಿಂದ ಅವರೇ ಬಿಬ್ ಗೂರ್ಮಾಂ ಅಂತ ಇನ್ನೊಂದು ಪಟ್ಟಿ ಕೊಡುತ್ತಿದ್ದಾರೆ. ಮಿತವಾದ ಬೆಲೆಗೆ ಒಳ್ಳೆಯ ಊಟ ಕೊಡುವವರಿಗೆ ಮಾತ್ರ ಅದರಲ್ಲಿ ಜಾಗ. ಅವರ ಪರೀಕ್ಷಕರು ಗುರುತು ಹೇಳದೆ ಹೋಗಿ, ಬಿಲ್ಲು ಕೊಟ್ಟೇ ಉಣ್ಣುತ್ತಾರೆ. ಪಟ್ಟಿ ಅವರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಲು ಸಿಗುತ್ತದೆ. ಎಲ್ಲ ಊರಿಗೂ ಇಲ್ಲ. ಇರುವ ಊರಿಗೆ ಹೋಗುತ್ತಿದ್ದರೆ ಒಮ್ಮೆ ತೆರೆದು ನೋಡಿ, ಆದರೆ ಪಟ್ಟಿಗೆ ಸೇರಿದ ಮೇಲೆ ಸಾಲು ಉದ್ದವಾಗುತ್ತದೆ ಅನ್ನುವುದೂ ಗೊತ್ತಿರಲಿ.

ಎಂಥ ಜಾಗ: ಕೂತು ಉಣ್ಣುವುದಾ, ಗಾಡಿಯಾ, ಚೈನ್ ಹೋಟೆಲ್ಲಾ, ಸೂಪರ್ ಮಾರ್ಕೆಟ್ಟಾ?

ಗಾಡಿ ಊಟ ಅಂದರೆ ಹೊಟ್ಟೆ ಕೆಡುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. ಭಯ ಸುಳ್ಳಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಆದರೆ ಅದೇ ಸಂಸ್ಥೆ ಹೇಳುವ ನಿಯಮ ನೋಡಿದರೆ ಗಾಡಿಯೋ ಎಸಿ ಹೋಟೆಲ್ಲೋ ಅನ್ನುವ ಮಾತೇ ಬರುವುದಿಲ್ಲ. ಅಡುಗೆ 70 ಡಿಗ್ರಿಗಾದರೂ ಬೇಯಬೇಕು. ಬೆಂದಿದ್ದು ಬಡಿಸುವವರೆಗೆ 60 ಡಿಗ್ರಿಗಿಂತ ಮೇಲಿರಬೇಕು. ಹಾಗೇ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಕಣ್ಣೆದುರಿಗೆ ಬೆಂದು ಹಬೆಯಾಡುತ್ತಾ ಕೈಗೆ ಬರುವ ಗಾಡಿಯ ತಟ್ಟೆ, ಬೆಳಿಗ್ಗೆಯಿಂದ ಉಗುರುಬೆಚ್ಚಗೆ ಜೋಡಿಸಿಟ್ಟ ದೊಡ್ಡ ಹೋಟೆಲ್ಲಿನ ಬಫೆಗಿಂತ ಎಷ್ಟೋ ಮೇಲು. ನಾನು ಗಾಡಿಯಲ್ಲಿ ಮೂರು ನೋಡುತ್ತೇನೆ. ಜನ ಬೇಗ ಬೇಗ ಬದಲಾಗುತ್ತಿದ್ದಾರಾ, ದುಡ್ಡು ಮುಟ್ಟುವ ಕೈ ಬೇರೆ, ಬಡಿಸುವ ಕೈ ಬೇರೆ ಇದೆಯಾ, ತಟ್ಟೆ ತೊಳೆಯಲು ನೀರು ಎಲ್ಲಿಂದ ಬರುತ್ತಿದೆ. ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಿದ್ದರೆ ಎಷ್ಟೇ ಘಮ ಬಂದರೂ ಬೇಡ. ಹೊಸ ಊರಿನಲ್ಲಿ ಮೊದಲೆರಡು ದಿನ ಹಸಿ ತರಕಾರಿ, ಹೆಚ್ಚಿಟ್ಟ ಹಣ್ಣು, ಐಸು ಬಿಟ್ಟುಬಿಡಿ.

ಚೈನ್ ಹೋಟೆಲ್‌ಗಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಯಾವ ಊರಿಗೆ ಹೋದರೂ ಅದೇ ರುಚಿ, ಅದೇ ಬೆಲೆ, ಚೊಕ್ಕಟವಾದ ಟಾಯ್ಲೆಟ್. ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾಗ ಟಾಯ್ಲೆಟ್ ದೊಡ್ಡ ವಿಷಯ. ಯಾವುದಾದರೂ ಪದಾರ್ಥ ಅಲರ್ಜಿ ಇರುವವರಿಗೂ, ಮಾಂಸ ತಿನ್ನದವರಿಗೂ ಒಳಗೆ ಏನೇನು ಹಾಕಿದ್ದಾರೆ ಅಂತ ಬರೆದ ಪಟ್ಟಿ ಇಂಥ ಕಡೆ ಸಿಗುವ ಸಾಧ್ಯತೆ ಜಾಸ್ತಿ. ಆದರೆ ಅಗ್ಗ ಅಂತ ಅಲ್ಲಿಗೆ ಹೋಗಬೇಡಿ. ಊರಿನವರ ಹೋಟೆಲ್ ಬಹುತೇಕ ಅದಕ್ಕಿಂತ ಅಗ್ಗ. (ಅಲರ್ಜಿ ಇರುವವರು ಒಂದು ಕಾರ್ಡಿನ ಮೇಲೆ ಆ ಊರಿನ ಭಾಷೆಯಲ್ಲಿ ದೊಡ್ಡದಾಗಿ ಬರೆಸಿಕೊಂಡು ಹೋಗಿ. ಆ ಭಾಷೆ ಬಲ್ಲವರಿಂದಲೇ ಬರೆಸಿ. ಈ ಒಂದು ವಿಷಯದಲ್ಲಿ ಮೊಬೈಲಿನ ಅನುವಾದವನ್ನು ಮಾತ್ರ ನೆಚ್ಚಿಕೊಳ್ಳಬೇಡಿ.)

ಸೂಪರ್ ಮಾರ್ಕೆಟ್ಟು ಬೆಳಗಿನ ತಿಂಡಿಗೆ ಸರಿ. ಎಷ್ಟೋ ಕಡೆ ಮುಚ್ಚುವ ಹೊತ್ತಿಗೆ ಅವತ್ತಿನ ತಯಾರಿ ಊಟದ ಬೆಲೆ ಇಳಿಸುತ್ತಾರೆ. ರೂಮಿನಲ್ಲಿ ಅಡುಗೆ ಮನೆ ಇದ್ದರೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಮೂರು ದಿನಕ್ಕಿಂತ ಕಡಿಮೆ ಇರುವುದಾದರೆ ನನಗೆ ಹಾಗೆ ಅನ್ನಿಸಿಲ್ಲ. ಎಣ್ಣೆ, ಉಪ್ಪು, ಖಾರ ಎಲ್ಲ ಹೊಸದಾಗಿ ಕೊಂಡು ಅರ್ಧ ಬಿಟ್ಟು ಬರುತ್ತೇವೆ. ವಾರ ಇರುವುದಾದರೆ ಲೆಕ್ಕ ಕೂಡುತ್ತದೆ.

ಯಾರಿಗೆ, ಯಾವಾಗ ಯಾವುದು

ರಾತ್ರಿ ತಡವಾಗಿ ಊರು ಸೇರುವ ದಿನ ಹುಡುಕಾಟವೇ ಬೇಡ. ಮನೆಯಲ್ಲೇ ಮ್ಯಾಪ್ ನೋಡಿ, ರೂಮಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ತಡರಾತ್ರಿವರೆಗೆ ತೆರೆದಿರುವ ಎರಡು ಜಾಗ ಗುರುತು ಹಾಕಿಕೊಳ್ಳಿ. ಮ್ಯಾಪನ್ನು ನೆಟ್ ಇಲ್ಲದೆಯೂ ತೆರೆಯುವ ಹಾಗೆ ಇಳಿಸಿಟ್ಟುಕೊಳ್ಳಿ. ಎರಡು ಯಾಕೆ ಅಂದರೆ ಒಂದು ಮುಚ್ಚಿರುತ್ತದೆ.

ಒಂದೇ ದಿನಕ್ಕೆ ಬಂದವರು ಮ್ಯಾಪನ್ನೂ ಕಣ್ಣನ್ನೂ ಸೇರಿಸಿ ಬಳಸಿ. ಮ್ಯಾಪಿನಲ್ಲಿ ಬೀದಿ ಆರಿಸಿ, ಬೀದಿಯಲ್ಲಿ ನಡೆದು ಬಾಗಿಲು ಆರಿಸಿ. ಮೂರು ದಿನಕ್ಕಿಂತ ಜಾಸ್ತಿ ಇರುವವರು ಮೊದಲ ದಿನವೇ ಜನರನ್ನು ಕೇಳಿ, ಒಂದು ಜಾಗ ಹಿಡಿಸಿದರೆ ಮಾರನೇ ದಿನವೂ ಅಲ್ಲಿಗೇ ಹೋಗಿ. ದಿನಕ್ಕೊಂದು ಹೊಸ ಜಾಗ ನೋಡಲೇಬೇಕು ಅನ್ನುವ ಹಟ ಬಿಟ್ಟ ಮೇಲೆ ನನ್ನ ಪ್ರವಾಸದ ಊಟ ಚೆನ್ನಾಗಾಯಿತು. ಎರಡನೇ ದಿನ ಹೋದಾಗ ಬಡಿಸುವವರು ಗುರುತು ಹಿಡಿಯುತ್ತಾರೆ, "ಇವತ್ತು ಅದು ಬೇಡ, ಇದು ತಗೊಳ್ಳಿ, ಈಗಷ್ಟೇ ಇಳಿಸಿದ್ದು" ಅಂತ ಅವರೇ ಹೇಳುತ್ತಾರೆ.

ದೊಡ್ಡ ಹೋಟೆಲ್ಲಿನಲ್ಲಿ ಒಂದು ಸಲ ಉಣ್ಣಲೇಬೇಕು ಅನ್ನುವ ಆಸೆ ಇದ್ದರೆ ಮಧ್ಯಾಹ್ನ ಹೋಗಿ. ಬಹಳ ಊರುಗಳಲ್ಲಿ ಅದೇ ಅಡುಗೆಮನೆ, ಅದೇ ಅಡುಗೆಯವರು, ಮಧ್ಯಾಹ್ನ ಇಷ್ಟು ಬೆಲೆಗೆ ಇಷ್ಟು ಐಟಂ ಅಂತ ಒಂದು ನಿಗದಿ ಊಟ ಇಡುತ್ತಾರೆ, ರಾತ್ರಿ ಅದಕ್ಕೇ ಎಷ್ಟೋ ಜಾಸ್ತಿ ಆಗುತ್ತದೆ. ದಿನದ ದೊಡ್ಡ ಊಟ ಮಧ್ಯಾಹ್ನಕ್ಕೆ ಇಟ್ಟುಕೊಂಡು ರಾತ್ರಿ ಹಗುರವಾಗಿ ಮುಗಿಸಿ.

ಬೇರೆ ದೇಶದಲ್ಲಿ ಕಾರ್ಡ್ ಕೊಟ್ಟಾಗ ಮಷೀನು "ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ, ಇಲ್ಲಿನ ಹಣದಲ್ಲಾ?" ಅಂತ ಕೇಳುತ್ತದೆ. ಇಲ್ಲಿನ ಹಣ ಅಂತಲೇ ಒತ್ತಿ. ನಮ್ಮ ದೇಶದ ಹಣ ಅಂದರೆ ವಿನಿಮಯದ ದರವನ್ನು ಆ ಮಷೀನಿನ ಕಡೆಯವರು ಹಾಕುತ್ತಾರೆ, ಅದು ಬಹುತೇಕ ನಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ಎಷ್ಟೋ ಸಲ ನಮ್ಮನ್ನು ಕೇಳದೆ ಅವರೇ ಒತ್ತಿಬಿಡುತ್ತಾರೆ. ಅದಕ್ಕೇ ಮಷೀನನ್ನು ನಿಮ್ಮ ಕಡೆ ತಿರುಗಿಸಿಕೊಂಡು, ಓದಿ, ಆಮೇಲೆ ಪಿನ್ ಹಾಕಿ.